ಸ್ಕ್ರೀನ್ ಮೇಲಿನ ಕ್ಯೂಆರ್ ಕೋಡ್ ಓದಲು ಝೀಬಾರ್, ಓಪನ್‌ಸಿವಿ, ಝಡ್‌ಎಕ್ಸಿಂಗ್: ಮೂರನ್ನೂ ಬಳಸಿ ನೋಡಿದೆ

ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಕ್ಯೂಆರ್ ಕೋಡ್ ಇದೆ. ಅದರೊಳಗಿನ ಲಿಂಕ್ ಬೇಕಾಗಿರುವುದೂ ಅದೇ ಲ್ಯಾಪ್‌ಟಾಪಿನಲ್ಲಿ. ಆದರೂ ಫೋನ್ ಹುಡುಕಿ, ಕ್ಯಾಮೆರಾ ಹಿಡಿದು, ಬಂದ ಲಿಂಕನ್ನು ನಮಗೆ ನಾವೇ ಮೆಸೇಜ್ ಮಾಡಿಕೊಂಡು ಮತ್ತೆ ಇಲ್ಲಿಗೇ ತರಬೇಕು. ಇದು ಸಾಕಾಗಿ, ಒಂದು ಹಾಟ್‌ಕೀ ಒತ್ತಿದರೆ ಕೋಡ್ ಓದಿಕೊಡುವ ಸಣ್ಣ ಸ್ಕ್ರಿಪ್ಟ್ ಬರೆಯಲು ಕೂತೆ. ಮೂರು ಬಗೆಯಲ್ಲಿ ಬರೆದೆ, ಮೂರನ್ನೂ ಕೆಲಸದ ನಡುವೆಯೇ ಬಳಸಿ ನೋಡಿದೆ.

ಮೊದಲು ಝೀಬಾರ್, ಅಂದರೆ ಚಿತ್ರದಿಂದ ಬಾರ್‌ಕೋಡ್, ಕ್ಯೂಆರ್ ಕೋಡ್ ಓದುವ ಸಾಫ್ಟ್‌ವೇರ್. ಲಿನಕ್ಸ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಸ್ವೇ ಥರದ ಡೆಸ್ಕ್‌ಟಾಪ್ ಇದ್ದರೆ ಸ್ಲರ್ಪ್ ಹಾಕಿ ಮೌಸ್‌ನಿಂದ ಜಾಗ ಆರಿಸಿ, ಗ್ರಿಮ್ ಅಷ್ಟನ್ನೇ ಚಿತ್ರ ತೆಗೆಯುತ್ತದೆ, ಅದನ್ನು ಝೀಬಾರ್‌ಇಮೇಜ್ (ಝೀಬಾರ್‌ನ ಚಿತ್ರ ಓದುವ ಕಮಾಂಡ್) ಕಡೆಗೆ ಪೈಪ್ ಮಾಡಿದರೆ, ಅಂದರೆ ಸೀದಾ ದಾಟಿಸಿದರೆ, ಉತ್ತರ ಬರುತ್ತದೆ. ಲಿನಕ್ಸ್‌ನ ಹಳೆಯ ಡಿಸ್‌ಪ್ಲೇ ವ್ಯವಸ್ಥೆ ಎಕ್ಸ್11 ಆದರೆ ಜಾಗ ಆರಿಸಿ ಚಿತ್ರ ತೆಗೆಯಲು ಮೇಮ್ ಅನ್ನುವ ಒಂದೇ ಕಮಾಂಡ್ ಸಾಕು. ಝೀಬಾರ್‌ಇಮೇಜ್‌ಗೆ 'ರಾ' ಆಯ್ಕೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಪ್ರತಿ ಉತ್ತರದ ಮುಂದೆ 'ಕ್ಯೂಆರ್-ಕೋಡ್:' ಅಂತ ಅಂಟಿಕೊಂಡೇ ಬರುತ್ತದೆ, ಲಿಂಕ್ ತೆರೆಯುವುದಿಲ್ಲ. ಆದರೆ ಕ್ಯೂಆರ್ ಥರದ್ದೇ ಇನ್ನೊಂದು ಬಗೆಯಾದ ಡೇಟಾ ಮ್ಯಾಟ್ರಿಕ್ಸ್ ಕೋಡನ್ನು ಝೀಬಾರ್ ಓದುವುದಿಲ್ಲ. ನನಗೆ ಅದೂ ಬೇಕಿತ್ತು.

ಆಮೇಲೆ ಪೈಥಾನ್ ಮತ್ತು ಚಿತ್ರಗಳನ್ನು ವಿಶ್ಲೇಷಿಸುವ ಲೈಬ್ರರಿಯಾದ ಓಪನ್‌ಸಿವಿ. ಬೇರೆ ಕೆಲಸಕ್ಕೆ ಅಂತ ಓಪನ್‌ಸಿವಿ ಆಗಲೇ ಇತ್ತು, ಹೊಸದೇನೂ ಹಾಕಬೇಕಿರಲಿಲ್ಲ. ಇದರಲ್ಲಿ ಇಷ್ಟವಾದದ್ದು ಒಂದು: ಕೋಡ್ ಕಂಡರೂ ಓದಲಾಗದಿದ್ದಾಗ ಪಠ್ಯ ಖಾಲಿ ಬರುತ್ತದೆ, ಆದರೆ ನಾಲ್ಕು ಮೂಲೆಗಳು ಸಿಗುತ್ತವೆ. ಅಂದರೆ ಕೋಡೇ ಇಲ್ಲವೋ, ಇದ್ದೂ ಓದಲಾಗಲಿಲ್ಲವೋ ಅಂತ ಗೊತ್ತಾಗುತ್ತದೆ. ತೊಂದರೆಯಾದದ್ದು ಡಾರ್ಕ್ ಮೋಡ್‌ನಲ್ಲಿ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚೌಕಗಳ ಕೋಡ್ ಕೊಟ್ಟೆ, ಏನೂ ಬರಲಿಲ್ಲ. ಚಿತ್ರದ ಬಣ್ಣ ತಿರುಗಿಸಿ ಮತ್ತೆ ಕೊಟ್ಟಾಗ ಓದಿತು.

ಕೊನೆಗೆ ಝಡ್‌ಎಕ್ಸಿಂಗ್, ಅಂದರೆ ಝೀಬ್ರಾ ಕ್ರಾಸಿಂಗ್. ಇದೂ ಬಾರ್‌ಕೋಡ್ ಓದುವ ಲೈಬ್ರರಿಯೇ. ಅದರ ಸಿ++ ರೂಪಕ್ಕೆ ಪೈಥಾನ್ ಪ್ಯಾಕೇಜ್ ಇದೆ, ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಕಮಾಂಡ್‌ನಲ್ಲೇ ಬರುತ್ತದೆ. ಬಣ್ಣ ತಿರುಗಿದ ಕೋಡನ್ನು ತಾನಾಗಿಯೇ ಪ್ರಯತ್ನಿಸುತ್ತದೆ. ಡೇಟಾ ಮ್ಯಾಟ್ರಿಕ್ಸ್, ಆಜ್ಟೆಕ್, ಪಿಡಿಎಫ್417 ಥರದ ಬೇರೆ ಬಗೆಯ ಕೋಡ್‌ಗಳನ್ನೂ ಓದುತ್ತದೆ. ಒಂದೇ ಚಿತ್ರದಲ್ಲಿ ಮೂರು ಕೋಡ್ ಇದ್ದರೆ ಮೂರನ್ನೂ, ಯಾವುದು ಎಲ್ಲಿದೆ ಅನ್ನುವುದರ ಜೊತೆಗೆ ಕೊಡುತ್ತದೆ. ನಾನು ಉಳಿಸಿಕೊಂಡದ್ದು ಇದನ್ನೇ. ಬರೀ ಕ್ಯೂಆರ್ ಸಾಕು, ಲಿನಕ್ಸ್ ಇದೆ ಅನ್ನುವವರು ಝೀಬಾರ್‌ನಲ್ಲೇ ನಿಲ್ಲಬಹುದು, ಸುಮ್ನೆ ಪೈಥಾನ್ ಯಾಕೆ?

ಆದರೆ ನಿಜವಾಗಿ ಸಮಯ ತಿಂದದ್ದು ಓದುವ ಲೈಬ್ರರಿ ಅಲ್ಲ, ಸ್ಕ್ರೀನ್‌ಶಾಟ್. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ 125% ಇದ್ದಾಗ ನಾನು ಆರಿಸಿದ ಚೌಕ ಒಂದು ಕಡೆ, ಚಿತ್ರ ಬಂದದ್ದು ಇನ್ನೊಂದು ಕಡೆ. ಸ್ಕ್ರಿಪ್ಟ್ ಶುರುವಾಗುವಾಗಲೇ ಅದು ಡಿಪಿಐ (ಸ್ಕ್ರೀನ್ ಸ್ಕೇಲ್) ಅರಿತ ಪ್ರೋಗ್ರಾಂ ಅಂತ ವಿಂಡೋಸ್‌ಗೆ ಹೇಳಿದ ಮೇಲೆ ಸರಿಯಾಯಿತು. ಮ್ಯಾಕ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡದಿದ್ದರೆ ಕಿಟಕಿಗಳೇ ಇಲ್ಲದ ಬರೀ ವಾಲ್‌ಪೇಪರ್ ಚಿತ್ರ ಬರುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಇನ್ನೊಂದು ವಿಷಯ, ಕೋಡ್‌ನ ಅಂಚಿಗೇ ಕತ್ತರಿಸಬೇಡಿ. ಕ್ಯೂಆರ್ ಸುತ್ತ ಅದರದೇ 4 ಪುಟ್ಟ ಚೌಕಗಳಷ್ಟು ಖಾಲಿ ಜಾಗ ಇರಬೇಕು ಅನ್ನುವುದು ನಿಯಮದಲ್ಲೇ ಇದೆ, ನಾನು ಬಿಗಿಯಾಗಿ ಎಳೆದಾಗಲೆಲ್ಲ ಓದುವುದು ತಪ್ಪುತ್ತಿತ್ತು. ಈಗ ಸ್ಕ್ರಿಪ್ಟೇ ಸುತ್ತಲೂ ಬಿಳಿ ಅಂಚು ಸೇರಿಸುತ್ತದೆ, ಚಿತ್ರ ತೀರಾ ಚಿಕ್ಕದಿದ್ದರೆ ಮೂರು ಪಟ್ಟು ದೊಡ್ಡದು ಮಾಡಿ ಮತ್ತೆ ಓದುತ್ತದೆ. ಮೂರೂ ಲೈಬ್ರರಿಗಳಿಗೆ ಇದರಿಂದ ಲಾಭವಾಯಿತು.

ಓದಿದ ಲಿಂಕನ್ನು ಸೀದಾ ಬ್ರೌಸರ್‌ನಲ್ಲಿ ತೆರೆಸಬೇಡಿ. ಮೊದಲು ಕಣ್ಣಿಗೆ ತೋರಿಸಲಿ. ಎರಡು ಹಂತದ ಲಾಗಿನ್‌ಗೆ ಕೊಡುವ ಕೋಡ್‌ನೊಳಗೆ ಗುಟ್ಟಿನ ಕೀ ಇರುತ್ತದೆ. ಅದು ಕ್ಲಿಪ್‌ಬೋರ್ಡ್‌ಗೆ ಹೋದರೆ, ಕ್ಲಿಪ್‌ಬೋರ್ಡ್ ಹಿಸ್ಟರಿ ಆನ್ ಇದ್ದಲ್ಲಿ ಪಟ್ಟಿಯಲ್ಲಿ ಕೂತುಬಿಡುತ್ತದೆ, ಅಲ್ವಾ? ಹಾಗಾಗಿ ಪಠ್ಯ ಇಂಥ ಲಾಗಿನ್ ಕೋಡ್‌ಗಳ ಗುರುತಾದ 'ಓಟಿಪಿಆತ್' ಅಂತ ಶುರುವಾದರೆ ನನ್ನ ಸ್ಕ್ರಿಪ್ಟ್ ಅದನ್ನು ಕಾಪಿ ಮಾಡುವುದೇ ಇಲ್ಲ. ಒಂದು ಪುಟ್ಟ ಕಿಟಕಿಯಲ್ಲಿ ತೋರಿಸುತ್ತದೆ, ಮುಚ್ಚಿದರೆ ಹೋಯಿತು.