ಹನ್ನೆರಡು ಸಾವಿರಕ್ಕೆ ಒಂಬತ್ತು ಗ್ಲೌಸ್

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಆಸುಪಾಸಿನ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ 2025ರ ಜುಲೈನಲ್ಲಿ ನಮ್ಮ ಶಾಲೆಯ ಬಾಲಕಿಯರ ಸಾಫ್ಟ್‌ಬಾಲ್ ತಂಡಕ್ಕೆ ಒಂಬತ್ತು ಗ್ಲೌಸ್ ಕೊಂಡೆ. ನಾಲ್ಕು ತಿಂಗಳು ಮಳೆಯಲ್ಲಿ, ಬಿಸಿಲಿನಲ್ಲಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಒಂದೆರಡು ದೂರುಗಳಿರುವುದರಿಂದ ಅಂಗಡಿಯ ಹೆಸರು ಬೇಡ. ಮಾಲೀಕರು ಸಜ್ಜನರು, ಚಹಾ ಕುಡಿಸದೆ ಕಳಿಸುವವರಲ್ಲ.

ನಾನು ಗದಗ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಹಳೆಯ ವಿದ್ಯಾರ್ಥಿಗಳು ಕೂಡಿಸಿಕೊಟ್ಟ ಹನ್ನೆರಡು ಸಾವಿರ ರೂಪಾಯಿ ಪರ್ಸಿನಲ್ಲಿತ್ತು. ಶಕ್ತಿ ಯೋಜನೆಯ ಕೃಪೆಯಿಂದ ಬಸ್ಸಿಗೆ ಅದರಲ್ಲಿ ಒಂದು ಪೈಸೆಯೂ ಹೋಗಲಿಲ್ಲ.

ಅಂಗಡಿಯ ಮುಂಭಾಗವೆಲ್ಲ ಕ್ರಿಕೆಟ್. ಸಾಫ್ಟ್‌ಬಾಲ್ ಎಂದೊಡನೆ ಕೆಲಸದ ಹುಡುಗ ಅಟ್ಟ ಹತ್ತಿ ಒಂದು ಗ್ಲೌಸ್ ತಂದುಕೊಟ್ಟ. ಆಮೇಲೆ ಮತ್ತೆ ಹತ್ತಿ ಅದರ ಜೋಡಿಯನ್ನು ಹುಡುಕುತ್ತ ಕೂತ. ವಿಕೆಟ್ ಕೀಪರ್ ಗ್ಲೌಸ್ ಮಾರಿ ಬೆಳೆದವನು, ಪಾಪ. ಈ ಆಟದಲ್ಲಿ ಒಂದೇ ಕೈಗೆ ಗ್ಲೌಸ್, ಇನ್ನೊಂದು ಕೈ ಎಸೆಯುವುದಕ್ಕೆ ಎಂದು ತಿಳಿಸಿ ಅವನನ್ನು ಕೆಳಗಿಳಿಸಬೇಕಾಯಿತು.

ಮಾಲೀಕರ ಸಲಹೆ ನೇರವಾಗಿತ್ತು: ಒಂಬತ್ತೂ ಚರ್ಮದವೇ ಇರಲಿ, ಒಂದಕ್ಕೆ 2,400 ರೂಪಾಯಿ, ಬಾಕಿ ಹಣ ದಸರೆಗೆ ಕೊಟ್ಟರಾಯಿತು. ದುಡ್ಡು ಸುರಿದವನೇ ಕಪ್ ಎತ್ತುತ್ತಾನೆ ಎಂದು ಅವರ ಗಟ್ಟಿ ನಂಬಿಕೆ. ಅದಕ್ಕೆ ಐಪಿಎಲ್ ಉದಾಹರಣೆ ಕೊಟ್ಟರು. ಐಪಿಎಲ್‌ನಲ್ಲಿ ಎಲ್ಲ ತಂಡಗಳ ಚೀಲವೂ ಒಂದೇ ಅಳತೆಯದು, 2025ರಲ್ಲಿ ತಲಾ 120 ಕೋಟಿ. ರಿಷಭ್ ಪಂತ್ ಒಬ್ಬನಿಗೇ 27 ಕೋಟಿ ಕೊಟ್ಟ ಲಖನೌ ಪ್ಲೇ ಆಫ್ ಮೆಟ್ಟಿಲನ್ನೂ ಹತ್ತಲಿಲ್ಲ ಎಂದೆ. ದುಡ್ಡೇ ಕಪ್ ಗೆಲ್ಲಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ಸಾಫ್ಟ್‌ಬಾಲ್‌ನ ಅಣ್ಣನಾದ ಅಮೆರಿಕದ ಬೇಸ್‌ಬಾಲ್‌ಗೇ ಹೋಗಬೇಕು. ಅಲ್ಲಿ ಸಂಬಳಕ್ಕೆ ಮಿತಿಯೇ ಇಲ್ಲ. ಒಂದು ಗೆರೆ ದಾಟಿದರೆ ತೆರಿಗೆ ಕಟ್ಟಬೇಕು, ಇದ್ದವರು ಕಟ್ಟುತ್ತಾರೆ.

ಗಿರಾಕಿಗಳಿರಲಿಲ್ಲ, ಹೊರಗೆ ಮಳೆ. ಓಕ್ಲೆಂಡ್ ಅಥ್ಲೆಟಿಕ್ಸ್ ಕಥೆ ಹೇಳಿದೆ. 2002ರಲ್ಲಿ ಆ ತಂಡದ ಸಂಬಳದ ಮೊತ್ತ ಸುಮಾರು ನಾಲ್ಕು ಕೋಟಿ ಡಾಲರ್, ನ್ಯೂಯಾರ್ಕ್ ಯಾಂಕೀಸ್‌ನದು ಅದರ ಮೂರು ಪಟ್ಟು. ಗೆದ್ದ ಪಂದ್ಯಗಳು ಇಬ್ಬರವೂ 103. ಓಕ್ಲೆಂಡ್ ಸತತವಾಗಿ ಇಪ್ಪತ್ತು ಪಂದ್ಯ ಗೆದ್ದಿತು. ತಂಡ ಕಟ್ಟಿದ ಬಿಲ್ಲಿ ಬೀನ್ ನೋಡುತ್ತಿದ್ದದ್ದು ಯಾರು ಚೆಂದ ಹೊಡೆಯುತ್ತಾರೆ ಎಂಬುದನ್ನಲ್ಲ, ಯಾರು ಹೇಗಾದರೂ ಬೇಸ್, ಅಂದರೆ ಓಟಕ್ಕೆ ಮುಟ್ಟಬೇಕಾದ ಠಾಣೆ, ತಲುಪುತ್ತಾರೆ ಎಂಬುದನ್ನು. ಕೆಟ್ಟ ಎಸೆತಗಳನ್ನು ಬಿಟ್ಟು ಮೊದಲ ಬೇಸ್‌ಗೆ ಪುಕ್ಕಟೆ ನಡೆದುಹೋಗುವವನೂ ಅವರ ಲೆಕ್ಕದಲ್ಲಿ ಬೆಲೆಯುಳ್ಳವನು. ಮೊಣಕೈ ಕೆಟ್ಟು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕೆಲಸಕ್ಕೆ ಬಾರದ ಸ್ಕಾಟ್ ಹ್ಯಾಟೆಬರ್ಗ್‌ನನ್ನು ಕರೆದು ಮೊದಲ ಬೇಸ್‌ನಲ್ಲಿ ನಿಲ್ಲಿಸಿದರು. ಇಪ್ಪತ್ತನೆಯ ಪಂದ್ಯದಲ್ಲಿ 11-0 ಮುನ್ನಡೆಯನ್ನು ಪೂರ್ತಿ ಕಳೆದುಕೊಂಡಾಗ ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೋಮ್ ರನ್ ಹೊಡೆದು 12-11ಕ್ಕೆ ಗೆಲ್ಲಿಸಿದವನು ಅವನೇ.

ಮಾಲೀಕರು ಎಲ್ಲ ಕೇಳಿ, ಕಪ್ ಗೆದ್ದರೇ ಎಂದು ಕೇಳಿದರು. ಇಲ್ಲ, ಪ್ಲೇ ಆಫ್‌ನ ಮೊದಲ ಸರಣಿಯಲ್ಲೇ ಮಿನ್ನೆಸೋಟ ತಂಡ ಅವರನ್ನು ಮನೆಗೆ ಕಳಿಸಿತು. ಅವರ ಮುಖ ಅರಳಿತು. ಯಾಂಕೀಸ್ ಕೂಡ ಅದೇ ಸುತ್ತಿನಲ್ಲಿ ಸೋತು ಗಂಟುಮೂಟೆ ಕಟ್ಟಿತು ಎಂದ ಮೇಲೆ ಚಹಾ ಬಂತು.

ನಾನು ಬರಿಗೈಯಲ್ಲಿ ವಾದಕ್ಕೆ ಹೋಗಿರಲಿಲ್ಲ. ಹೊರಡುವ ಹಿಂದಿನ ವಾರ ಒಂದು ಅಭ್ಯಾಸ ಪಂದ್ಯದಲ್ಲಿ ಯಾವ ಔಟ್ ಯಾರ ಕೈಯಲ್ಲಿ ಮುಗಿಯಿತು ಎಂದು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಗೀಟು ಹಾಕಿದ್ದೆ. ಏಳು ಇನಿಂಗ್ಸ್, 21 ಔಟ್. ಎಂಟು ಕ್ಯಾಚರ್ ಕೈಯಲ್ಲಿ, ಏಳು ಮೊದಲ ಬೇಸ್‌ನಲ್ಲಿ, ಉಳಿದ ಏಳು ಹುಡುಗಿಯರಿಗೆಲ್ಲ ಸೇರಿ ಆರು. ಹಾಗಾಗಿ ಕ್ಯಾಚರ್‌ಗೆ 3,200 ರೂಪಾಯಿಯ ದಪ್ಪ ಮಿಟ್ (ಬೆರಳುಗಳು ಬಿಡಿಯಾಗಿಲ್ಲದ ಗ್ಲೌಸ್), ಮೊದಲ ಬೇಸ್‌ಗೆ 2,400ರ ಚರ್ಮದ ಮಿಟ್, ಮಿಕ್ಕವರಿಗೆ 650ರ ರೆಕ್ಸಿನ್ ಗ್ಲೌಸ್ ಏಳು. 300ರಂತೆ ಆರು ಚೆಂಡು. ಐವತ್ತು ರೂಪಾಯಿ ಉಳಿಯಿತು. ಅದು ಗಿರಮಿಟ್ಟು, ಮಿರ್ಚಿಗೆ ಸಂದಿತು.

ಈಗ ಸಾಮಾನಿನ ಮಾತು. ಕ್ಯಾಚರ್ ಮಿಟ್‌ಗೆ ಕೊಟ್ಟ ಪ್ರತಿ ರೂಪಾಯಿಯೂ ಸಾರ್ಥಕ. ಮೊದಲ ಹದಿನೈದು ದಿನ ಹಲಗೆಯಂತೆ ಬಿರುಸಾಗಿತ್ತು. ರಾತ್ರಿ ಒಳಗೆ ಚೆಂಡಿಟ್ಟು, ಹಗ್ಗದಿಂದ ಬಿಗಿದು, ದಿಂಬಿನ ಕೆಳಗೆ ಇಟ್ಟುಕೊಳ್ಳಲು ಹುಡುಗಿಗೆ ಹೇಳಿದೆ. ಆಗಸ್ಟ್ ಹೊತ್ತಿಗೆ ಚೆಂಡು ಬಿದ್ದರೆ ಡಪ್ ಎಂಬ ಸದ್ದು ಶಾಲೆಯ ಗೇಟಿನ ತನಕ ಕೇಳುತ್ತಿತ್ತು. ಮೊದಲ ಬೇಸ್ ಮಿಟ್‌ನ ದಾರ ಎರಡು ತಿಂಗಳಿಗೇ ಕಿತ್ತಿತು. ಗದಗ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನಲವತ್ತು ರೂಪಾಯಿಗೆ ಹಾಕಿಕೊಟ್ಟ ಚರ್ಮದ ಬಾರು ಮೂಲ ದಾರಕ್ಕಿಂತ ಗಟ್ಟಿಯಾಗಿದೆ. ನಮ್ಮದು ಎರೆ ಮಣ್ಣು. ಮಳೆಯಲ್ಲಿ ಮೆತ್ತಿದರೆ ಚರ್ಮದಿಂದ ಕೆರೆದು ತೆಗೆಯಬೇಕು, ರೆಕ್ಸಿನ್ ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ರೆಕ್ಸಿನ್‌ನ ಗುಣ ಅಲ್ಲಿಗೇ ಮುಗಿಯಿತು. ಅದು ಎಷ್ಟು ದಿನವಾದರೂ ಅಂಗೈಯಲ್ಲಿ ಗುಂಡಿಯಾಗಿ ಪಳಗುವುದಿಲ್ಲ. ಚೆಂಡುಗಳನ್ನಂತೂ ಕೊಳ್ಳಲೇಬೇಡಿ, ಮೂರು ವಾರದಲ್ಲಿ ಹೊಲಿಗೆ ಬಿಟ್ಟವು.

ಜಿಲ್ಲಾ ಮಟ್ಟದ ಫೈನಲ್‌ವರೆಗೆ ನನ್ನ ಗೀಟುಗಳು ಸುಳ್ಳಾಗಲಿಲ್ಲ. ಎದುರಿಗಿದ್ದದ್ದು ಒಂಬತ್ತೂ ಚರ್ಮದ ಗ್ಲೌಸ್ ಇದ್ದ ಖಾಸಗಿ ಶಾಲೆ. ಕೊನೆಯ ಇನಿಂಗ್ಸ್‌ನಲ್ಲಿ ನಾವು 5-4 ಮುಂದಿದ್ದೆವು. ಎರಡು ಔಟ್ ಆಗಿದ್ದವು, ಎರಡು ಬೇಸ್‌ಗಳಲ್ಲಿ ಓಟಗಾರ್ತಿಯರು. ಚೆಂಡು ಎತ್ತರಕ್ಕೆ ಹೋಗಿ ಬಲ ಮೈದಾನದ ಹುಡುಗಿಯ ಕೈಗೇ ಇಳಿಯಿತು, 650 ರೂಪಾಯಿಯ ಗ್ಲೌಸ್‌ನ ನಟ್ಟನಡುವೆ. ಬಿದ್ದಷ್ಟೇ ವೇಗದಲ್ಲಿ ಪುಟಿದು ಹೊರಬಂತು. ಇಬ್ಬರೂ ಓಡಿ ಬಂದರು, 6-5ಕ್ಕೆ ಸೋತೆವು. ಹುಡುಗಿಯ ತಪ್ಪು ಎಳ್ಳಷ್ಟೂ ಇರಲಿಲ್ಲ. ನಾನು ಎಲ್ಲಿ ದುಡ್ಡು ಉಳಿಸಿದ್ದೆನೋ ಅಲ್ಲಿಗೇ ಚೆಂಡು ಹೋಗಿತ್ತು. ಬೀನ್ ಲೆಕ್ಕ 162 ಪಂದ್ಯಗಳ ಲೀಗ್‌ನಲ್ಲಿ ಏಕೆ ನಡೆಯುತ್ತದೆ, ಐದು ಪಂದ್ಯಗಳ ಸರಣಿಯಲ್ಲಿ ಏಕೆ ಎಡವುತ್ತದೆ ಎಂಬುದು ಅಂದು ಸಂಜೆ ಬಸ್ಸಿನಲ್ಲಿ ಹೊಳೆಯಿತು. ಸಿರಿವಂತ ತಂಡ ಹಣ ಕೊಟ್ಟು ಕೊಳ್ಳುವುದು ಇದನ್ನೇ: ಚೆಂಡು ಎಲ್ಲಿಗೆ ಹೋದರೂ ಅಲ್ಲಿ ಅಗ್ಗದ ಗ್ಲೌಸ್ ಇರಬಾರದು.

ಆದರೆ ಸುರಿದರೆ ಸಾಲದು. 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ 33 ಕೋಟಿ ಡಾಲರ್‌ಗೂ ಹೆಚ್ಚು ಸಂಬಳ ಕೊಟ್ಟು 75 ಗೆದ್ದು 87 ಸೋತಿತು. ಲಾಸ್ ಏಂಜಲೀಸ್ ಡಾಜರ್ಸ್ ಜಾಣರು. ಬಡ ಟ್ಯಾಂಪಾ ಬೇ ತಂಡದಲ್ಲಿ ಕಾಸಿಗೆ ಕಾಸು ಎಣಿಸಿ ಕಲಿತ ಆಂಡ್ರ್ಯೂ ಫ್ರೀಡ್‌ಮನ್‌ನನ್ನು 2014ರಲ್ಲೇ ಕರೆತಂದು ಖಜಾನೆಯ ಬೀಗದ ಕೈ ಕೊಟ್ಟರು. ಜಪಾನಿನ ತಾರೆ ಓಟಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್. ಅದರಲ್ಲಿ 68 ಕೋಟಿ ಆ ಹತ್ತು ವರ್ಷ ಮುಗಿದ ಮೇಲೆ. ಅಷ್ಟು ಉದ್ದದ ಉದ್ರಿಯನ್ನು ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಯಾರೂ ಕೊಡಲಾರರು.

ನವೆಂಬರ್ 2ರ ಭಾನುವಾರ, ರಾತ್ರಿ ನಮ್ಮ ಹುಡುಗಿಯರು ನವಿ ಮುಂಬೈಯಲ್ಲಿ ವಿಶ್ವಕಪ್ ಗೆದ್ದ ದಿನ, ಬೆಳಗಿನ ಐದೂವರೆಯಿಂದ ಮೊಬೈಲ್ ಹಿಡಿದು ಕೂತಿದ್ದೆ. ಬೇಸ್‌ಬಾಲ್ ಕಪ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಡಾಜರ್ಸ್ ಮತ್ತು ಟೊರೊಂಟೊ ನಡುವಿನ ಏಳನೆಯ, ನಿರ್ಣಾಯಕ ಪಂದ್ಯ. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಸೋಲಿನ ಅಂಚಿನಲ್ಲಿದ್ದ ಡಾಜರ್ಸ್‌ಗೆ ಸಮ ಮಾಡಿಕೊಟ್ಟವನು ಓಟಾನಿ ಅಲ್ಲ, ವರ್ಷಕ್ಕೆ 50 ಲಕ್ಷ ಡಾಲರ್‌ನ, 36 ವರ್ಷದ ಮಿಗೆಲ್ ರೋಹಾಸ್. ಅದೇ ಇನಿಂಗ್ಸ್‌ನ ಮರುಪಾಳಿಯಲ್ಲಿ ಬೇಸ್‌ಗಳೆಲ್ಲ ತುಂಬಿದ್ದಾಗ ಎಡವುತ್ತಲೇ ಚೆಂಡು ಹೆಕ್ಕಿ, ಓಟ ಪೂರ್ತಿಯಾಗುವ ಕೊನೆಯ ಠಾಣೆಯಾದ ಹೋಮ್‌ಗೆ ಎಸೆದವನೂ ಅವನೇ. ಕ್ಯಾಚರ್ ವಿಲ್ ಸ್ಮಿತ್‌ನ ಮಿಟ್‌ಗೆ ಚೆಂಡು ಓಟಗಾರನಿಗಿಂತ ಕೂದಲೆಳೆಯಷ್ಟು ಮುಂಚೆ ತಲುಪಿತು. ಹನ್ನೊಂದನೆಯದರಲ್ಲಿ ಸ್ಮಿತ್ ಹೋಮ್ ರನ್ ಹೊಡೆದ, 5-4. ಕೊನೆಯ ಎಸೆತದ ತನಕ ನಿಂತ ಡಾಜರ್ಸ್‌ನ ಎಸೆತಗಾರ ಯಮಮೋಟೊ ಮಾತ್ರ 32.5 ಕೋಟಿ ಡಾಲರ್‌ನವನು. ಉಪ್ಪಿಟ್ಟು ತಣ್ಣಗಾಗಿತ್ತು.

ಮರೆತಿದ್ದೆ, ಅಂಗಡಿಯ ಮೇಲಿನ ದೊಡ್ಡ ದೂರು. ರೆಕ್ಸಿನ್ ಗ್ಲೌಸ್‌ಗಳಲ್ಲಿ ಎರಡು ಬಲಗೈಗೆ ಹಾಕುವಂಥವು, ಅಂದರೆ ಎಡಚರದು. ಊರಿಗೆ ಬಂದ ಮೇಲೆ ಗೊತ್ತಾಯಿತು. ಒಂದನ್ನು ಮರುಶನಿವಾರವೇ ಬದಲಿಸಿಕೊಟ್ಟರು, ಇನ್ನೊಂದು ಜಾಲಂಧರದಿಂದ ಬರಬೇಕು, ಹದಿನೈದು ದಿನ ಎಂದರು. ಅಷ್ಟರಲ್ಲಿ ಎಂಟನೆಯ ತರಗತಿಯ, ಎಡಗೈಯಲ್ಲಿ ಬರೆಯುವ ಹುಡುಗಿಯೊಬ್ಬಳು ಅದನ್ನು ಹಾಕಿಕೊಂಡು ಗೋಡೆಗೆ ಚೆಂಡು ಎಸೆಯುತ್ತಿದ್ದಳು. ಫೋನ್ ಮಾಡಿ, ಬದಲಿ ಬೇಡ ಎಂದೆ. ಬರುವ ಜುಲೈನಲ್ಲಿ ಅದೇ ಅಂಗಡಿಗೆ ಹೋಗುತ್ತೇನೆ: ಬಲ ಮೈದಾನಕ್ಕೆ ಒಂದು ಚರ್ಮದ ಗ್ಲೌಸ್, ಮತ್ತು ಎಡಚರದು ಇನ್ನೊಂದು.