ಬಫಲೋ ಹವಾಮಾನ ಕಚೇರಿಯ ಹಿಮ ಮುನ್ಸೂಚನೆ: ಚಿತ್ರ ಬಿಡಿ, ಬರಹ ಓದಿ

ಓದಿಗೋ ಕೆಲಸಕ್ಕೋ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಹೊಸದಾಗಿ ಬಂದವರು ಫೋನಿನಲ್ಲಿರುವ ಆ್ಯಪ್ ನಂಬಿಕೊಂಡು ಚಳಿಗಾಲಕ್ಕೆ ಇಳಿಯುತ್ತಾರೆ. ಈರಿ ಸರೋವರದ ಮಗ್ಗುಲಲ್ಲಿ ಅದು ಸಾಲದು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಬಫಲೋ ಕಚೇರಿಯ ವೆಬ್‌ಸೈಟ್ ಬಿಟ್ಟಿ, ಜಾಹೀರಾತಿನ ಕಾಟವೂ ಇಲ್ಲ. ನೋಟಕ್ಕೆ ಹಳೇ ಕಾಲದ್ದು, ಸರಕು ಮಾತ್ರ ಗಟ್ಟಿ.

ಆ್ಯಪ್ ಎಡವುವುದು ಎಲ್ಲಿ? ಸರೋವರದ ನೀರಿಗಿಂತ ಸುಮಾರು 1,500 ಮೀಟರ್ ಮೇಲಿನ ಗಾಳಿ ಕನಿಷ್ಠ 13 ಡಿಗ್ರಿ ಸೆಲ್ಸಿಯಸ್ ತಣ್ಣಗಿದ್ದರೆ ಲೇಕ್ ಎಫೆಕ್ಟ್ ಸ್ನೋಗೆ, ಅಂದರೆ ಸರೋವರದ ಬೆಚ್ಚನೆ ನೀರಿನಿಂದ ಹುಟ್ಟುವ ಹಿಮಕ್ಕೆ, ಒಲೆ ಹೊತ್ತಿತು ಅನ್ನಿ. ಈರಿ 388 ಕಿ.ಮೀ. ಉದ್ದ. ಗಾಳಿ ಆ ಉದ್ದಕ್ಕೇ ಬೀಸಿದಾಗ ಮೋಡವೆಲ್ಲ ಒಂದೇ ಪಟ್ಟಿಯಾಗುತ್ತದೆ. ಅದರ ಅಗಲ ಬಹುತೇಕ 10ರಿಂದ 30 ಕಿ.ಮೀ. ಅಷ್ಟೆ. ಆ್ಯಪ್‌ಗಳು ನೆಚ್ಚುವ ಜಾಗತಿಕ ಹವಾಮಾನ ಮಾದರಿಗಳ ಜಾಲರಿಯ ಒಂದೊಂದು ಚೌಕವೇ ಸುಮಾರು 10 ಕಿ.ಮೀ.; ಅಂಥ ದೊಡ್ಡ ಕಣ್ಣಿನ ಜರಡಿಯಲ್ಲಿ ಪಟ್ಟಿ ಸರಿಯಾಗಿ ನಿಲ್ಲುವುದಿಲ್ಲ. 2014ರ ನವೆಂಬರಿನಲ್ಲಿ ನಗರದ ದಕ್ಷಿಣಕ್ಕೆ 5 ಅಡಿಗೂ ಮಿಕ್ಕಿ ಹಿಮ ಬಿತ್ತು, ಉತ್ತರದ ಬಡಾವಣೆಗಳಲ್ಲಿ ಕೆಲವೇ ಇಂಚು. ಎರಡಕ್ಕೂ ಆ್ಯಪ್ ತೋರಿಸುವುದು ಅದೇ ಹಿಮದ ಹಳಕಿನ ಚಿತ್ರ.

ಹಾಗಾಗಿ ಮೊದಲು ತೆರೆಯಬೇಕಾದ್ದು 'ಫೋರ್‌ಕಾಸ್ಟ್ ಡಿಸ್ಕಷನ್'. ಪರಿಣತರು ದಿನಕ್ಕೆ ಹಲವು ಸಲ ಬರೆಯುವ ಟಿಪ್ಪಣಿ ಇದು. ಹುಡುಕಬೇಕಾದ್ದು ಗಾಳಿಯ ದಿಕ್ಕು. 240 ಡಿಗ್ರಿ ಆಸುಪಾಸು, ಅಂದರೆ ನೈಋತ್ಯದಿಂದ ಬೀಸುವ ಗಾಳಿ, ಎಂದಿದ್ದರೆ ಪಟ್ಟಿ ನಗರದ ಮೇಲೇ. ಪಶ್ಚಿಮಕ್ಕೆ ತಿರುಗಿದಷ್ಟೂ ದಕ್ಷಿಣದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಊರುಗಳ ಕಡೆಗೆ ಇಳಿಯುತ್ತದೆ. ದಕ್ಷಿಣಕ್ಕೆ ವಾಲಿದರೆ ಉತ್ತರದಲ್ಲಿ ವಿಶ್ವವಿದ್ಯಾಲಯವಿರುವ ಆಮ್‌ಹರ್ಸ್ಟ್ ಕಡೆಗೆ ಏರುತ್ತದೆ. ಹತ್ತು ಡಿಗ್ರಿ ಹೆಚ್ಚುಕಮ್ಮಿಯಾದರೂ ಸಲಿಕೆ ಹಿಡಿಯುವವರು ಬದಲಾಗುತ್ತಾರೆ. ಸಮಯದ ಮುಂದೆ 'ಝಡ್' ಅಕ್ಷರವಿದ್ದರೆ ಅದು ಜಾಗತಿಕ ಸಮಯ (ಯುಟಿಸಿ), ಚಳಿಗಾಲದಲ್ಲಿ 5 ಗಂಟೆ ಕಳೆಯಿರಿ: 12 ಝಡ್ ಅಂದರೆ ಬೆಳಗಿನ 7.

ಇನ್ನೊಂದು ಒಳ್ಳೆಯ ಸೌಲಭ್ಯ, ಹಿಮದ ಸಂಭವನೀಯತೆಯ ನಕ್ಷೆ. ಬೀಳುವ ಸಾಧ್ಯತೆ ಹತ್ತರಲ್ಲಿ ಒಂಬತ್ತು ಪಾಲು ಇರುವ ಕನಿಷ್ಠ, ಹತ್ತರಲ್ಲಿ ಒಂದೇ ಪಾಲು ಇರುವ ಗರಿಷ್ಠ, ಎರಡನ್ನೂ ಕೊಡುತ್ತದೆ. ನಡುವಿನ ಅಂತರ ದೊಡ್ಡದಿದ್ದರೆ ಪಟ್ಟಿಯ ಅಂಚು ಎಲ್ಲಿ ಕೂರುತ್ತದೋ ಇನ್ನೂ ಖಚಿತವಿಲ್ಲ ಎಂದೇ ಅರ್ಥ. ದಿನಸಿಯನ್ನು ಗರಿಷ್ಠ ನೋಡಿ ತನ್ನಿ.

ಕೊರತೆಗಳಿವೆ. ಎಚ್ಚರಿಕೆಗಳು ವಲಯದ ಲೆಕ್ಕದಲ್ಲಿ ಬರುತ್ತವೆ. ಒಂದು ಮೂಲೆ ಹೂತುಹೋಗಿರುವಾಗ ಇನ್ನೊಂದು ಮೂಲೆಯಲ್ಲಿ ಬಿಸಿಲು ಕಾಯುತ್ತಿರಬಹುದು. ರೇಡಾರ್ ನೂರು ಕಿ.ಮೀ. ದೂರ ಹೋಗುವಷ್ಟರಲ್ಲಿ ಅದರ ಕಿರಣ ನೆಲದಿಂದ ಒಂದೂವರೆ ಕಿ.ಮೀ. ಮೇಲೇರಿರುತ್ತದೆ. ಈ ಹಿಮಮೋಡಗಳೋ ತಗ್ಗಿನವು, ಎರಡು ಮೂರು ಕಿ.ಮೀ. ಎತ್ತರದವು. ದೂರದಲ್ಲಿ ಬಣ್ಣ ತಿಳಿಯಾಗಿ ಕಂಡರೆ ಹಿಮ ಹಗುರ ಅಂದುಕೊಳ್ಳಬೇಡಿ. ಇಂಚು, ಫ್ಯಾರನ್‌ಹೀಟ್ ಲೆಕ್ಕವನ್ನಂತೂ ನಾವೇ ರೂಢಿ ಮಾಡಿಕೊಳ್ಳಬೇಕು.

ಬಫಲೋದಲ್ಲಿ ನೀರಿನ ಉಷ್ಣತೆಯನ್ನು 30 ಅಡಿ ಆಳದಲ್ಲಿ 1927ರಿಂದ ಅಳೆಯುತ್ತಿದ್ದಾರೆ, ಆ ಅಂಕಿಯೂ ಇಲ್ಲೇ ಸಿಗುತ್ತದೆ. 32 ಫ್ಯಾರನ್‌ಹೀಟ್‌ಗೆ ಇಳಿದರೆ ಮಂಜುಗಡ್ಡೆಯ ನಕ್ಷೆಯನ್ನೂ ನೋಡಿ. ಈರಿಯ ಸರಾಸರಿ ಆಳ 19 ಮೀಟರ್ ಮಾತ್ರ, ಬೇಗ ಹೆಪ್ಪುಗಟ್ಟುತ್ತದೆ. ಗಡ್ಡೆ ಮುಚ್ಚಿದಷ್ಟೂ ಹಿಮದ ನಲ್ಲಿ ಬಿಗಿಯಾಗುತ್ತದೆ. ಪಕ್ಕದ ಒಂಟಾರಿಯೋ ಸರೋವರ ಸರಾಸರಿ 86 ಮೀಟರ್ ಆಳ, ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಅದರ ಪೂರ್ವಕ್ಕಿರುವ ಟಗ್ ಹಿಲ್ ಎತ್ತರದ ಪ್ರದೇಶದ ಕಡೆ ಹೊರಟವರಿಗೆ ಫೆಬ್ರವರಿಯಲ್ಲೂ ರಿಯಾಯಿತಿ ಇಲ್ಲ.