ಗ್ಯಾರೇಜ್ ಮೇಲಿನ ಕೋಣೆಗೆ ಇನ್ಸುಲೇಷನ್ ಹಾಕಿಸ್ತಿದ್ದೀರಾ? ಸೀಲಿಂಗ್ ಮುಚ್ಚೋಕೆ ಮುಂಚೆ ಇಣುಕಿ ನೋಡಿ

ಎರಡು ಚಳಿಗಾಲ ಹಾಳಾದ ಮೇಲೆ ಬರೀತಿದ್ದೀನಿ. ಮನೆಗೆ ಅಂಟಿಕೊಂಡ ಗ್ಯಾರೇಜ್, ಅದರ ಮೇಲೆ ಮಗಳ ಕೋಣೆ. ಹೀಟರ್ ಎಷ್ಟು ಉರಿಸಿದರೂ ನೆಲ ಕೊರೆಯುತ್ತಿತ್ತು. ಎರಡು ಜೊತೆ ಕಾಲುಚೀಲ ಹಾಕಿ, ಕಾಲು ಮಡಚಿ ಕುರ್ಚಿ ಮೇಲಿಟ್ಟುಕೊಂಡು ಓದುತ್ತಿದ್ದಳು.

ಕೆಲಸದವರು ಬಂದು ಗ್ಯಾರೇಜಿನ ಸೀಲಿಂಗ್ ಕಿತ್ತು, ಜಂತೆಗಳ ನಡುವೆ ಇನ್ಸುಲೇಷನ್ನಿಗೆ ಗ್ಲಾಸ್ ವೂಲ್ (ಹತ್ತಿಯಂಥ ಗಾಜಿನ ನಾರು) ತುರುಕಿ, ಸಂಜೆಯೊಳಗೆ ಜಿಪ್ಸಮ್ ಬೋರ್ಡ್ ಬಡಿದು ಹೋದರು. "ಇನ್ನು ಬೆಚ್ಚಗಿರುತ್ತೆ ಬಿಡಿ ಸಾರ್." ನಾನೂ ಇಣುಕಿ ನೋಡದೆ ದುಡ್ಡು ಎಣಿಸಿಕೊಟ್ಟೆ.

ಮುಂದಿನ ಚಳಿಗಾಲಕ್ಕೂ ಅದೇ ಕಥೆ. ಸಾಲದ್ದಕ್ಕೆ, ಬೆಳಿಗ್ಗೆ ಕಾರ್ ಸ್ಟಾರ್ಟ್ ಮಾಡಿದರೆ ಕೋಣೆಯಲ್ಲಿ ಹೊಗೆ ವಾಸನೆ. ಚಳಿಗಿಂತ ಇದಕ್ಕೆ ಹೆದರಿದೆ. ವಾಸನೆ ಬರುವ ದಾರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲವೂ ಬರುತ್ತೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅವತ್ತೇ ಅದರ ಅಲಾರಂ ತಂದು ಹಾಕಿದೆ.

ಆಮೇಲೆ ನಾನೇ ಒಂದು ಬೋರ್ಡ್ ಬಿಚ್ಚಿದೆ. ಗ್ಲಾಸ್ ವೂಲ್ ಕೆಳಗಿನ ಬೋರ್ಡ್ ಮೇಲೆ ಆರಾಮಾಗಿ ಮಲಗಿತ್ತು. ಅದಕ್ಕೂ ಮೇಲಿನ ನೆಲದ ಹಲಗೆಗೂ ಮಧ್ಯೆ ನಾಲ್ಕು ಬೆರಳು ಖಾಲಿ. ಅಂಚಲ್ಲೆಲ್ಲ ಕರಿ ಧೂಳಿನ ಗೆರೆ, ಗಾಳಿ ನುಗ್ಗಿ ಸೋಸಿ ಹೋದ ಗುರುತು. ಜಂತೆಯ ತುದಿ ಹತ್ತಿರ ಊದುಬತ್ತಿ ಹಿಡಿದೆ. ಮೇಲಕ್ಕೆ ಹೋಗಬೇಕಾದ ಹೊಗೆ ಅಡ್ಡಡ್ಡ ಓಡಿತು!

ಗ್ಲಾಸ್ ವೂಲ್ ಶಾಖ ತಡೆಯೋದು ಅದರೊಳಗೆ ಅಲ್ಲಾಡದೆ ನಿಂತ ಗಾಳಿಯಿಂದ. ಬೀಸುವ ಗಾಳಿಯನ್ನು ಅದು ತಡೆಯಲ್ಲ. ಅದರ ಮೇಲೇ ತಣ್ಣನೆ ಗಾಳಿ ಓಡಾಡುತ್ತಿದ್ದರೆ ಎಷ್ಟು ದಪ್ಪ ಹಾಕಿಸಿದರೂ ಅಷ್ಟೇ. (ಗ್ಯಾರೇಜ್ ಬಾಗಿಲಿಗೆ ರಬ್ಬರ್ ಹಾಕಿಸು ಅಂದವರ ಮಾತೂ ಕೇಳಿದ್ದೆ. ಏನೂ ಆಗಲಿಲ್ಲ.)

ಎಲ್ಲ ಬಿಚ್ಚಿ ಮತ್ತೆ ಮಾಡಿದೆವು. ಮೊದಲು ಜಂತೆಯ ತುದಿಗಳಿಗೆ ಗಟ್ಟಿ ಫೋಮ್ ತುಂಡು ಕೂರಿಸಿ ಸುತ್ತ ಸೀಲ್, ವೈರು ಪೈಪು ಹೋಗುವ ತೂತುಗಳಿಗೂ ಸೀಲ್. ಆಮೇಲೆ ಗ್ಲಾಸ್ ವೂಲನ್ನು ಮೇಲಿನ ಹಲಗೆಗೆ ಒತ್ತಿ ತಂತಿ ಕೊಟ್ಟು ನಿಲ್ಲಿಸಿದ್ದು. ಖಾಲಿ ಜಾಗ ಉಳಿದರೆ ಅದರ ಕೆಳಗೆ ಉಳಿಯಲಿ. ಕಾಗದ ಅಂಟಿಸಿದ ಬಗೆಯದಾದರೆ, ಚಳಿ ಜಾಸ್ತಿ ಇರುವ ಕಡೆ ಕಾಗದ ಬೆಚ್ಚಗಿನ ಕೋಣೆಯ ಕಡೆಗೆ, ಅಂದರೆ ಮೇಲಕ್ಕೆ. ನೀರಿನ ಪೈಪ್ ಇದ್ದರೆ ಅದೂ ಇನ್ಸುಲೇಷನ್ನಿನ ಮೇಲ್ಗಡೆಯೇ ಇರಲಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತೆ. ಫೋಮ್ ಹತ್ತಿಕೊಂಡು ಉರಿಯುವ ವಸ್ತು, ಜಿಪ್ಸಮ್ ಬೋರ್ಡಿನಿಂದ ಮುಚ್ಚದೆ ಬಿಡಬೇಡಿ. ಬೋರ್ಡಿನ ಸಂದಿಗಳನ್ನೂ ಟೇಪ್ ಹಾಕಿ ಮೆತ್ತಿಸಿ.

ಈಗ ನೆಲ ಬಿಸಿಯೇನಿಲ್ಲ, ಆದರೆ ಒಂದು ಜೊತೆ ಕಾಲುಚೀಲ ಸಾಕು. ಹೊಗೆ ವಾಸನೆ ನಿಂತಿದೆ. ಮೊದಲಿನವರಿಗೆ ಫೋಟೋ ಕಳಿಸಿದೆ. "ಅದೆಲ್ಲ ಆಗಲೇ ಹೇಳಬೇಕಿತ್ತು ಸಾರ್" ಅಂದರು.